ಕೆಲಸದಿಂದ ತೆಗೆದರೆ ಬೇಗ ಬನ್ನಿ: ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಪೀಣ್ಯ, ಲಗ್ಗೆರೆ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ಮದ್ದೂರು, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್‌ಗಳಲ್ಲಿ ಟೈಲರ್, ಹೆಲ್ಪರ್, ಚೆಕ್ಕರ್ ಆಗಿ ದುಡಿಯುತ್ತಿರುವ ಅಕ್ಕತಂಗಿಯರೇ,

ನಾನು ಕಾರ್ಮಿಕ ನ್ಯಾಯಾಲಯದಲ್ಲಿ ಕೆಲಸಗಾರರ ಪರವಾಗಿ ಕೇಸು ನಡೆಸುವ ವಕೀಲೆ. ನಿಮ್ಮಲ್ಲಿ ಎಷ್ಟೋ ಜನ ನನ್ನ ಆಫೀಸಿನ ಮೆಟ್ಟಿಲು ಹತ್ತಿದ್ದೀರಿ. ಹಾಗೆ ಬಂದವರಲ್ಲಿ ಹೆಚ್ಚಿನವರು ತಡವಾಗಿ ಬಂದವರು. ಕೆಲಸ ಹೋದ ಕೂಡಲೇ ಸೂಪರ್‌ವೈಸರ್ ಮನೆಗೆ ಹೋಗಿ ಬೇಡಿಕೊಂಡಿರುತ್ತೀರಿ. ಆಮೇಲೆ ಏರಿಯಾದ ಲೀಡರ್ ಹತ್ತಿರ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ. ಅಲ್ಲಿ ‘ಇದು ನಮಗೆ ಬರಲ್ಲಮ್ಮ, ಲೇಬರ್ ಆಫೀಸಿಗೆ ಹೋಗಿ’ ಅಂದಿರುತ್ತಾರೆ. ಅಷ್ಟು ಹೊತ್ತಿಗೆ ಇನ್ನೊಂದು ಕಡೆ ಕೆಲಸ ಹುಡುಕಬೇಕು, ಬಾಡಿಗೆ ಕಟ್ಟಬೇಕು, ಸಂಘದ ಕಂತು ಕಟ್ಟಬೇಕು. ತಿಂಗಳುಗಳು ಉರುಳಿದ ಮೇಲೆ ಯಾರೋ ಹೇಳಿದರು ಅಂತ ವಕೀಲರ ಬಾಗಿಲು. ಆ ಹೊತ್ತಿಗೆ ಕಂಪನಿಯ ಫೈಲಿನಲ್ಲಿ ಎಲ್ಲ ಕಾಗದಗಳೂ ಸಿದ್ಧವಾಗಿರುತ್ತವೆ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಈ ಪತ್ರ. ಕೆಲಸ ಹೋದ ವಾರದೊಳಗೇ ಒಬ್ಬ ವಕೀಲರ ಎದುರು ಒಂದು ಗಂಟೆ ಕೂತು ಮಾತಾಡಿ. ಆ ಒಂದು ಗಂಟೆಯಲ್ಲಿ ಅವರು ನಿಮ್ಮನ್ನು ಏನೇನು ಕೇಳುತ್ತಾರೆ ಅನ್ನುವುದನ್ನು ಗಮನವಿಟ್ಟು ನೋಡಿ, ಅದರ ಮೇಲೆಯೇ ಅವರು ಬೇಕೋ ಬೇಡವೋ ತೀರ್ಮಾನ ಮಾಡಿ. ನಾನು ಹೇಳಬೇಕಾದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಅದಕ್ಕೆ ಬೇಕಾದ ವಿವರ.

2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾದಾಗ ಹೊಸೂರು ರಸ್ತೆಗೆ ಇಳಿದವರು ನೀವು. ದೊಡ್ಡ ಯೂನಿಯನ್‌ಗಳೂ ಮಾಡಲಾಗದ ಕೆಲಸವನ್ನು ಎರಡು ದಿನದಲ್ಲಿ ಮಾಡಿ, ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಳ್ಳುವಂತೆ ಮಾಡಿದಿರಿ. ಅದೇ ಹೆಣ್ಣುಮಕ್ಕಳು ಎಚ್‌ಆರ್ ರೂಮಿನಲ್ಲಿ ಒಬ್ಬೊಬ್ಬರೇ ನಿಂತಾಗ, ಎದುರಿಗೆ ಮೂವರು ಕುರ್ಚಿ ಹಾಕಿಕೊಂಡು ಕೂತಾಗ, ಸೈನ್ ಹಾಕಿ ಹೊರಗೆ ಬರುತ್ತೀರಿ. ಇದರಲ್ಲಿ ನಿಮ್ಮ ತಪ್ಪಿಲ್ಲ. ಆ ರೂಮನ್ನು, ಆ ಹೊತ್ತನ್ನು, ಆ ಒಂಟಿತನವನ್ನು ಅವರು ಬೇಕೆಂದೇ ಏರ್ಪಾಡು ಮಾಡಿರುತ್ತಾರೆ.

ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ‘ನಿಮ್ಮನ್ನು ಕೆಲಸದಿಂದ ತೆಗೆದಿದ್ದೇವೆ’ ಅಂತ ಬರೆದುಕೊಡುವುದು ಅಪರೂಪ. ಗೇಟಿನಲ್ಲಿ ನಿಲ್ಲಿಸುತ್ತಾರೆ. ಪಂಚಿಂಗ್ ಮೆಷಿನ್ನಿನಿಂದ ಹೆಸರು ತೆಗೆಯುತ್ತಾರೆ. ಇಲ್ಲದಿದ್ದರೆ ‘ನೀನಾಗೇ ಪೇಪರ್ ಹಾಕು, ಸೆಟ್ಲ್‌ಮೆಂಟ್ ಬೇಗ ಮಾಡಿಸ್ತೀವಿ, ಬೇರೆ ಕಡೆ ಕೇಳಿದ್ರೆ ಒಳ್ಳೇದು ಹೇಳ್ತೀವಿ’ ಅನ್ನುತ್ತಾರೆ. ರಜೆ ಹಾಕಿ ಊರಿಗೆ ಹೋಗಿದ್ದವರಿಗೆ ‘ನೀವಾಗೇ ಕೆಲಸ ಬಿಟ್ಟು ಹೋದಿರಿ’ ಅನ್ನುವ ಮಾತು. ಈ ಕೊನೆಯದಕ್ಕೆ ಸುಪ್ರೀಂ ಕೋರ್ಟ್ 1993ರಲ್ಲೇ ಡಿ.ಕೆ. ಯಾದವ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಇಷ್ಟು ದಿನ ಗೈರುಹಾಜರಾದರೆ ತಾನಾಗಿಯೇ ಕೆಲಸ ಹೋಯಿತು ಎಂದು ಕಂಪನಿಯ ಸ್ಟ್ಯಾಂಡಿಂಗ್ ಆರ್ಡರಿನಲ್ಲೇ ಬರೆದಿದ್ದರೂ, ಕೆಲಸಗಾರನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ, ವಿಚಾರಣೆ ಮಾಡದೆ ಹೆಸರು ಹೊಡೆದುಹಾಕುವುದು ಕಾನೂನಿಗೆ ವಿರುದ್ಧ. ಆ ಕೆಲಸಗಾರನನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕೋರ್ಟ್ ಹೇಳಿತು.

ಒಬ್ಬರು ಬಂದಿದ್ದರು. ಕಾಲರ್ ಹೊಲಿಯುವ ಟೈಲರ್, ಹತ್ತು ವರ್ಷ ದಾಟಿದ ಸರ್ವಿಸ್. ಮಗುವಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿತ್ತು, ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿದ್ದರು. ವಾಪಸ್ ಹೋದ ದಿನ ಮೆಷಿನ್ ಬೆರಳು ತೆಗೆದುಕೊಳ್ಳಲಿಲ್ಲ. ಎಚ್‌ಆರ್ ರೂಮಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ ಕಾಯುತ್ತಿತ್ತು. ಓದಲು ಬರಲಿಲ್ಲ, ಸೈನ್ ಹಾಕಿದರು. ಆ ವಾರವೇ ನನ್ನಲ್ಲಿಗೆ ಬಂದರು. ಜೊತೆಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಮಡಚಿ ಮಡಚಿ ಹರಿಯುವಂತಾಗಿದ್ದ ಪೇ ಸ್ಲಿಪ್‌ಗಳು, ಇಎಸ್‌ಐ ಕಾರ್ಡು, ಮಗುವಿನ ಡಿಸ್ಚಾರ್ಜ್ ಚೀಟಿ, ಮಗಳ ಹಳೇ ಗಣಿತದ ನೋಟ್‌ಬುಕ್. ಆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪ್ರತಿ ತಿಂಗಳು ಎಷ್ಟು ದಿನ ಹೋದೆ, ಎಷ್ಟು ಗಂಟೆ ಓಟಿ ಮಾಡಿದೆ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದರು. ಡಿಸ್ಚಾರ್ಜ್ ಚೀಟಿಯ ತಾರೀಖೂ ಅವರು ರಜೆಯಲ್ಲಿದ್ದ ತಾರೀಖೂ ಒಂದಕ್ಕೊಂದು ಸರಿಹೊಂದುತ್ತಿದ್ದವು. ಫೋನಿನಲ್ಲಿ ಸೂಪರ್‌ವೈಸರ್‌ಗೆ ಮಾಡಿದ ಕರೆಗಳು ಇನ್ನೂ ಉಳಿದಿದ್ದವು, ಅವನ್ನು ಅಲ್ಲೇ ಸ್ಕ್ರೀನ್‌ಶಾಟ್ ತೆಗೆದುಕೊಂಡೆವು. ಅವತ್ತೇ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಂಪನಿಗೆ ಕಳಿಸಿದೆವು: ‘ನಾನು ರಾಜೀನಾಮೆ ಕೊಟ್ಟಿಲ್ಲ, ಓದಿ ಹೇಳದೆ ನನ್ನಿಂದ ಸೈನ್ ಹಾಕಿಸಿಕೊಂಡಿದ್ದೀರಿ, ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ.’ ಪ್ರಕರಣ ಕೋರ್ಟಿನವರೆಗೆ ಹೋಗಲೇ ಇಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿ ಎದುರು ಸಂಧಾನದಲ್ಲೇ ಹಳೆಯ ಸರ್ವಿಸ್ ಕಡಿಯದೆ ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಸೈನ್ ಹಾಕಿದ ಮೇಲೂ ದಾರಿ ಇರುತ್ತದೆ. ಆ ಪತ್ರ ಆರು ತಿಂಗಳಾದ ಮೇಲೆ ಹೋಗಿದ್ದರೆ ಅದಕ್ಕೆ ಇಷ್ಟು ತೂಕ ಇರುತ್ತಿರಲಿಲ್ಲ.

ಈಗ ಎಂಥ ವಕೀಲರ ಹತ್ತಿರ ಹೋಗಬೇಕು ಅನ್ನುವ ಮಾತು. ಊರಿನ ಜಮೀನಿನ ವ್ಯಾಜ್ಯ ನೋಡಿಕೊಂಡವರು, ಭಾವನ ಕಡೆಯವರು, ಬಾಡಿಗೆ ಮನೆ ಓನರ್‌ಗೆ ಗೊತ್ತಿರುವವರು ಒಳ್ಳೆಯವರೇ ಇರಬಹುದು. ಆದರೆ ಕಾರ್ಮಿಕ ಕಾನೂನು ಬೇರೆಯದೇ ದಾರಿ. ಅದರ ಗಡುವು ಬೇರೆ, ಅದರ ಅಧಿಕಾರಿಗಳು ಬೇರೆ, ಸಾಕ್ಷಿ ಕೊಡುವ ರೀತಿಯೂ ಬೇರೆ. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಹಾಗಾಗಿ ಫೋನಿನಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಹೆಸರುಗಳನ್ನು ನೋಡಿ ಆರಿಸಬೇಡಿ. ನಿಮ್ಮ ಫ್ಯಾಕ್ಟರಿಯಲ್ಲಿ ಹಿಂದೆ ಕೇಸು ಹಾಕಿದವರು ಯಾರಾದರೂ ಇದ್ದರೆ ಅವರನ್ನು ಕೇಳಿ. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್‌ನಂಥ ಸಂಘಟನೆಗಳವರನ್ನು ಕೇಳಿ. ಈ ದಾರಿ ಅವರಿಗೆ ಗೊತ್ತಿರುತ್ತದೆ. ಒಬ್ಬರನ್ನೇ ನೋಡಿ ಒಪ್ಪಿಕೊಳ್ಳಬೇಕಾಗಿಲ್ಲ, ಇಬ್ಬರು ಮೂವರ ಹತ್ತಿರ ಮಾತಾಡಿ. ಯಾವ ಒಳ್ಳೆಯ ವಕೀಲರೂ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕೂತ ಮೇಲೆ ಅವರು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ತಾರೀಖಿಗೆ ಕೆಲಸ ಹೋಯಿತು? ಸುಮ್ಮನೆ ‘ಯಾವಾಗ’ ಅಂದರೆ ಸಾಲದು, ತಾರೀಖು ಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ಕೆಲಸ ಹೋದ ಕೆಲಸಗಾರ ತಾನೇ ಕೋರ್ಟಿಗೆ ಹೋಗಲು ಮೂರು ವರ್ಷ ಇತ್ತು, ಹೊಸದರಲ್ಲಿ ಎರಡೇ ವರ್ಷ. ನನಗೆ ಈ ಕಡಿತ ಅನ್ಯಾಯ ಅನ್ನಿಸುತ್ತದೆ. ಕೆಲಸ ಕಳೆದುಕೊಂಡ ಹೆಣ್ಣುಮಗಳಿಗೆ ಮೊದಲ ವರ್ಷ ಹೊಟ್ಟೆಪಾಡಿನಲ್ಲೇ ಹೋಗಿಬಿಡುತ್ತದೆ. ಆದರೂ ಈಗಿರುವ ಗಡುವು ಅದು. ತಾರೀಖು ಕೇಳದೆಯೇ ‘ಆಗುತ್ತೆ ಬಿಡಮ್ಮ, ನಾನಿದ್ದೀನಿ’ ಅನ್ನುವವರ ಕೈಗೆ ವಕಾಲತ್ತು ಕೊಡಬೇಡಿ.

ಎರಡನೆಯದು, ಸರ್ವಿಸ್ ಎಷ್ಟು, ಅದಕ್ಕೆ ಏನು ದಾಖಲೆ ಇದೆ ಅನ್ನುವ ಪ್ರಶ್ನೆ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಅಂಥವರನ್ನು ‘ಆರ್ಡರ್ ಇಲ್ಲ, ಲೈನ್ ಮುಚ್ಚಿದ್ದೀವಿ’ ಎಂದು ತೆಗೆಯಬೇಕಾದರೆ ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಆ ಅವಧಿಯ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಆದರೆ ಆ 240 ದಿನವನ್ನು ಸಾಬೀತು ಮಾಡಬೇಕಾದವರು ನೀವು. ಇದನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಎಸ್.ಟಿ. ಹಡಿಮನಿ ಪ್ರಕರಣದಲ್ಲಿ ಹೇಳಿತು, ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಬರೀ ಬಾಯಿಮಾತಿನ ಅಫಿಡವಿಟ್ ಸಾಲದು ಅಂದಿತು. ಮುಂದೆ ಆರ್.ಎಂ. ಯಲ್ಲಟ್ಟಿ ಪ್ರಕರಣದಲ್ಲಿ, ಅದೂ ಕರ್ನಾಟಕದ್ದೇ, ಕೋರ್ಟ್ ಸ್ವಲ್ಪ ದಾರಿ ಮಾಡಿಕೊಟ್ಟಿತು: ಕೆಲಸಗಾರ ಸಾಕ್ಷಿ ಕಟ್ಟೆ ಹತ್ತಿ ಹೇಳಬಹುದು, ಮಾಲೀಕರ ಕೈಯಲ್ಲಿರುವ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ತರಿಸಿ ಎಂದು ಕೋರ್ಟನ್ನು ಕೇಳಬಹುದು. ಹಾಗಾಗಿ ಒಳ್ಳೆಯ ವಕೀಲರು ನಿಮ್ಮ ಪಿಎಫ್ ಪಾಸ್‌ಬುಕ್ ಕೇಳುತ್ತಾರೆ, ಇಎಸ್‌ಐ ವಂತಿಗೆ ಕೇಳುತ್ತಾರೆ, ಬ್ಯಾಂಕಿಗೆ ಸಂಬಳ ಬಿದ್ದ ವಿವರ ಕೇಳುತ್ತಾರೆ. ಪಿಎಫ್ ಖಾತೆಯಲ್ಲಿ ಕಂಪನಿಯವರು ಕೆಲಸ ಬಿಟ್ಟ ತಾರೀಖು ಎಂದು ಏನು ಹಾಕಿದ್ದಾರೆ ಅಂತ ನಿಮ್ಮ ಎದುರಿಗೇ ತೆಗೆದು ನೋಡುತ್ತಾರೆ. ಇದರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪಿಎಫ್ ದುಡ್ಡು ತೆಗೆಯುವ ಅವಸರದಲ್ಲಿ ಸೈಬರ್ ಅಂಗಡಿಯಲ್ಲಿ ಕೂತು ‘ಕೆಲಸ ಬಿಟ್ಟ ಕಾರಣ’ ಅನ್ನುವ ಜಾಗದಲ್ಲಿ ಅವರು ಏನನ್ನು ಒತ್ತುತ್ತಾರೋ ಒತ್ತಲಿ ಅಂತ ಬಿಡಬೇಡಿ. ನೀವಾಗೇ ಬಿಟ್ಟಿರಿ ಅಂತ ಅಲ್ಲಿ ದಾಖಲಾದರೆ ನಾಳೆ ಕಂಪನಿಯ ವಕೀಲರು ಅದನ್ನೇ ಪ್ರಿಂಟ್ ತೆಗೆದು ಕೋರ್ಟಿಗೆ ತರುತ್ತಾರೆ.

ಮುಂದಿನ ಪ್ರಶ್ನೆಗಳನ್ನು ಕೇಳುವಾಗ ಒಳ್ಳೆಯ ವಕೀಲರು ಜೊತೆಗೆ ಬಂದ ಗಂಡನನ್ನೋ ಅಣ್ಣನನ್ನೋ ಸ್ವಲ್ಪ ಹೊರಗೆ ಕೂರಲು ಹೇಳಬಹುದು. ಬೇಸರ ಮಾಡಿಕೊಳ್ಳಬೇಡಿ. ಬಸುರಿ ಎಂದು ಗೊತ್ತಾದ ಮೇಲೆ ತೆಗೆದರೇ? ಹೆರಿಗೆ ರಜೆಯಲ್ಲಿದ್ದಾಗ ತೆಗೆದರೇ? ಹೆರಿಗೆ ರಜೆಯಲ್ಲಿರುವವಳನ್ನು ಆ ಕಾರಣಕ್ಕೆ ತೆಗೆಯುವುದು ಕಾನೂನುಬಾಹಿರ, ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ನಿಮ್ಮ ಹಕ್ಕು. ಸೂಪರ್‌ವೈಸರ್ ಅಥವಾ ಫ್ಲೋರ್ ಇನ್‌ಚಾರ್ಜ್ ಕೈ ಹಾಕಿದ್ದನೇ, ಕೆಟ್ಟ ಮಾತಾಡಿದ್ದನೇ, ಅದಕ್ಕೆ ಎದುರು ಮಾತಾಡಿದ್ದಕ್ಕೇ ಕೆಲಸ ಹೋಯಿತೇ? ಹಾಗಿದ್ದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಲು ಇರುವ ಸಮಯ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು. ಈ ಮಾತನ್ನು ಮೊದಲ ದಿನವೇ ಹೇಳಿಬಿಡಿ. ನಾಚಿಕೆಯಿಂದ ನುಂಗಿಕೊಂಡ ಎಷ್ಟೋ ದೂರುಗಳು ಗಡುವು ಮುಗಿದ ಮೇಲೆ ನನ್ನ ಮುಂದೆ ಬಂದಿವೆ. ಆಗ ನನ್ನ ಕೈ ಕಟ್ಟಿಹೋಗಿರುತ್ತದೆ.

ಬಡ್ತಿ ಪಡೆದು ಸೂಪರ್‌ವೈಸರ್ ಆದವರಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಹೊಸ ಸಂಹಿತೆಯಲ್ಲಿ ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರು ‘ಕೆಲಸಗಾರ’ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಐಡಿ ಕಾರ್ಡಿನಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ನೀವು ದಿನಾ ಮಾಡುತ್ತಿದ್ದ ಕೆಲಸ ಏನು ಅನ್ನುವುದನ್ನೇ ಕೋರ್ಟು ನೋಡುತ್ತದೆ. ಫಿಕ್ಸೆಡ್ ಟರ್ಮ್ ಎಂದು ಕಾಗದ ಬರೆಸಿಕೊಂಡವರು ಆ ಕಾಗದವನ್ನು ತಪ್ಪದೆ ತನ್ನಿ. ಅವಧಿ ಮುಗಿದಾಗ ಕೆಲಸ ಹೋದರೆ ಅದನ್ನು ವಜಾ ಎನ್ನಲಾಗದು. ಆದರೆ ಹೊಸ ಕಾನೂನಿನಲ್ಲಿ ಅಂಥವರಿಗೆ ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಇದೆ. ಇನ್ನು ಬಾಕಿ ಸಂಬಳ. ತೆಗೆದರೂ ಸರಿ, ನೀವೇ ಬಿಟ್ಟರೂ ಸರಿ, ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ‘ಸೈನ್ ಹಾಕಿದರೆ ಮಾತ್ರ ಸಂಬಳ’ ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ದುಡ್ಡಿಲ್ಲ ಅಂತ ವಕೀಲರ ಬಾಗಿಲಿಗೇ ಬಾರದವರು ನಿಮ್ಮಲ್ಲಿ ತುಂಬ ಜನ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಇದೆ. ಅದರಲ್ಲಿ ಹೆಂಗಸರು ಇದ್ದಾರೆ, ಪರಿಶಿಷ್ಟ ಜಾತಿ ಪಂಗಡದವರು ಇದ್ದಾರೆ, ಕೈಗಾರಿಕಾ ಕೆಲಸಗಾರರೂ ಇದ್ದಾರೆ. ಇವರಾರಿಗೂ ಆದಾಯದ ಮಿತಿ ಇಲ್ಲ. ಅಂದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳಿಗೆ ಎರಡು ಕಡೆಯಿಂದ ಹಕ್ಕಿದೆ. ಪ್ರತಿ ತಾಲ್ಲೂಕಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಜಿಲ್ಲೆಗೊಂದು ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಆಧಾರ್ ಕಾರ್ಡು, ಕೆಲಸದ ಐಡಿ ಕಾರ್ಡಿನ ನಕಲು ತೆಗೆದುಕೊಂಡು ಹೋಗಿ ಅರ್ಜಿ ಕೊಡಿ. ‘ನನ್ನದು ಕಾರ್ಮಿಕ ಪ್ರಕರಣ, ಆ ಕೋರ್ಟಿನಲ್ಲಿ ಕೆಲಸ ಮಾಡಿದ ವಕೀಲರೇ ಬೇಕು’ ಎಂದು ಅರ್ಜಿಯಲ್ಲೇ ಬರೆಯಿರಿ. ಬಿಟ್ಟಿ ಸಿಕ್ಕ ವಕೀಲರನ್ನು ಏನು ಕೇಳುವುದು ಅಂತ ಹಿಂಜರಿಯಬೇಡಿ. ಅವರೂ ನಿಮಗೆ ಲೆಕ್ಕ ಕೊಡಬೇಕಾದವರೇ.

ಫೀಸು ಕೊಟ್ಟು ವಕೀಲರನ್ನು ಇಟ್ಟುಕೊಂಡರೆ ಎಷ್ಟು, ಯಾವ ಯಾವ ಹಂತಕ್ಕೆ ಎಂದು ಮೊದಲ ದಿನವೇ ಬಾಯಿಬಿಟ್ಟು ಕೇಳಿ, ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ‘ಈಗೇನೂ ಕೊಡಬೇಡ, ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ನನಗೆ’ ಅನ್ನುವುದು ಕೇಳಲು ಹಿತವಾಗಿರುತ್ತದೆ. ಆದರೆ ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ಬೇಡ ಅಂದಿದೆ. ಅಂಥ ಒಪ್ಪಂದದಲ್ಲಿ ನಿಮಗೆ ಬೇಕಾದದ್ದು ಕೆಲಸವೋ ದುಡ್ಡೋ ಅನ್ನುವುದನ್ನು ನಿಮಗಿಂತ ಮೊದಲು ವಕೀಲರೇ ತೀರ್ಮಾನಿಸಿಬಿಡುತ್ತಾರೆ. ಖಾಲಿ ಹಾಳೆಗೆ ಕಂಪನಿ ಕೇಳಿದಾಗ ಸೈನ್ ಹಾಕಬಾರದು, ವಕೀಲರು ಕೇಳಿದಾಗಲೂ ಹಾಕಬಾರದು. ವಕೀಲರನ್ನು ಬದಲಾಯಿಸುವ ಹಕ್ಕು ನಿಮಗೆ ಯಾವತ್ತೂ ಇದೆ. ಫೀಸು ಬಾಕಿ ಇದೆ ಅಂತ ನಿಮ್ಮ ಫೈಲನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ.

ಮೊದಲ ಹೆಜ್ಜೆಗೆ ವಕೀಲರು ನಿಮ್ಮ ಪಕ್ಕದಲ್ಲಿ ನಿಲ್ಲುವಂತೆಯೂ ಇಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿ ನಡೆಸುವ ಸಂಧಾನದಲ್ಲಿ ಎರಡೂ ಕಡೆಯವರು ವಕೀಲರ ಮೂಲಕ ಹಾಜರಾಗುವಂತಿಲ್ಲ. ಯೂನಿಯನ್ ಪದಾಧಿಕಾರಿ ನಿಮ್ಮ ಪರ ಬರಬಹುದು. ಆದ್ದರಿಂದ ವಕೀಲರ ಜೊತೆ ಮಾತಾಡುವುದು ಅರ್ಜಿಯಲ್ಲಿ ಏನು ಬರೆಯಬೇಕು, ಸಂಧಾನದ ದಿನ ಏನಕ್ಕೆ ಒಪ್ಪಬೇಕು, ಏನಕ್ಕೆ ಒಪ್ಪಬಾರದು ಅನ್ನುವುದಕ್ಕೆ. ಅರ್ಜಿ ಕೊಟ್ಟು 45 ದಿನವಾದರೂ ಇತ್ಯರ್ಥವಾಗದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಂದ ಮುಂದೆ ವಕೀಲರ ಕೆಲಸ.

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ. ‘ಆರೇ ತಿಂಗಳು’ ಅನ್ನುವವರನ್ನು ನಂಬಬೇಡಿ. ಕೋರ್ಟಿಗೆ ಹೋದರೆ ವರ್ಷಗಳೇ ಹಿಡಿಯುತ್ತವೆ, ಕಂಪನಿ ಹೈಕೋರ್ಟಿಗೆ ಹೋದರೆ ಇನ್ನೂ ಹೆಚ್ಚು. ಇದನ್ನು ಮುಚ್ಚಿಡದೆ ಹೇಳುವವರೇ ನಿಮಗೆ ಬೇಕಾದ ವಕೀಲರು. ಆ ವರ್ಷಗಳಲ್ಲಿ ನೀವು ಹೊಟ್ಟೆಪಾಡಿಗೆ ಇನ್ನೊಂದು ಕಡೆ ದುಡಿದರೆ ಅದನ್ನು ನಿಮ್ಮ ವಕೀಲರಿಂದ ಬಚ್ಚಿಡಬೇಡಿ. ತಪ್ಪಾಗಿ ತೆಗೆದ ಕೆಲಸಗಾರರಿಗೆ ಪೂರ್ತಿ ಹಿಂಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ ಎಂದು 2013ರಲ್ಲಿ ದೀಪಾಲಿ ಗುಂಡು ಸುರ್ವಾಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಅವಧಿಯಲ್ಲಿ ಕೆಲಸವಿರಲಿಲ್ಲ, ಅಥವಾ ಇದ್ದರೂ ಕಡಿಮೆ ಸಂಬಳದ್ದಿತ್ತು ಎಂದು ಕ್ಲೇಮ್ ಸ್ಟೇಟ್‌ಮೆಂಟಿನಲ್ಲಿ ನೀವೇ ಹೇಳಬೇಕು. ಈ ಒಂದು ಸಾಲು ಬಿಟ್ಟುಹೋದದ್ದರಿಂದ, ಅಥವಾ ಸುಳ್ಳಾಗಿದ್ದರಿಂದ, ಗೆದ್ದ ಕೇಸಿನಲ್ಲೂ ಸಂಬಳ ಕಳೆದುಕೊಂಡವರಿದ್ದಾರೆ. ಕರಡು ಸಿದ್ಧವಾದಾಗ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಆ ಸಾಲು ಎಲ್ಲಿದೆ ಎಂದು ತೋರಿಸಲು ಹೇಳಿ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವ ಮಾತು ಬಂದೇ ಬರುತ್ತದೆ. ರಾಜಿ ಕೆಟ್ಟದ್ದೇನಲ್ಲ. ಮಕ್ಕಳ ಫೀಸು ಕಟ್ಟಬೇಕಾದ ತಿಂಗಳಲ್ಲಿ ಕೈಗೆ ಬರುವ ಹಣದ ಬೆಲೆ ನನಗೆ ಗೊತ್ತು. ಆದರೆ ಅಲ್ಲಿ ಒಪ್ಪಿಕೊಂಡದ್ದರ ಮೇಲೆ ಅಪೀಲು ಇಲ್ಲ. ಅವತ್ತೇ ಅವಸರದಲ್ಲಿ ಸೈನ್ ಹಾಕಬೇಡಿ. ಗ್ರಾಚ್ಯುಟಿ ಸೇರಿದೆಯೇ, ಬೋನಸ್ ಬಾಕಿ ಸೇರಿದೆಯೇ, ಸರ್ವಿಸ್ ಸರ್ಟಿಫಿಕೇಟ್ ಕೊಡುತ್ತಾರೆಯೇ ಎಂದು ಒಂದೊಂದಾಗಿ ಬರೆಸಿ.

ಇನ್ನೂ ಕೆಲಸದಲ್ಲಿರುವವರಿಗೂ ಒಂದು ಬೇಡಿಕೆ ಇದೆ. ಪಕ್ಕದ ಮೆಷಿನ್ನಿನವಳನ್ನು ಗೇಟಿನಲ್ಲಿ ನಿಲ್ಲಿಸಿದ ದಿನ ಅವಳ ಜೊತೆ ಹೊರಗೆ ಬರಲು ನಿಮಗಾಗದು, ಅದು ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ಯಾವ ತಾರೀಖು, ಎಷ್ಟು ಗಂಟೆಗೆ, ಯಾರು ಏನಂದರು ಎಂದು ಬರೆದಿಟ್ಟುಕೊಳ್ಳಿ. ಆ ಸಂಜೆ ಅವಳ ಮನೆಗೆ ಹೋಗಿ ಪೇ ಸ್ಲಿಪ್ ಎಲ್ಲಿವೆ ಅಂತ ಕೇಳಿ. ಮುಂದೆ ಕೋರ್ಟಿನಲ್ಲಿ ನಿಮ್ಮನ್ನು ಸಾಕ್ಷಿ ಹೇಳಿ ಅಂದಾಗ ಕಂಪನಿಗೆ ಹೆದರಿ ಬರದಿದ್ದರೆ ನಾನು ನಿಮ್ಮನ್ನು ದೂರುವುದಿಲ್ಲ. ಬಂದರೆ ಮಾತ್ರ ಆ ಕೇಸು ಬೇರೆಯೇ ಆಗುತ್ತದೆ. ಕಂಪನಿಯ ರಿಜಿಸ್ಟರಿನಲ್ಲಿ ಅವಳ ಹೆಸರು ಇಲ್ಲದಿದ್ದರೂ, ಅವಳು ಅಲ್ಲಿ ದುಡಿದಳು ಅನ್ನುವುದನ್ನು ಪಕ್ಕದಲ್ಲೇ ಕೂತು ಹೊಲಿದವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ನಿಮ್ಮವಳು,
ಕಾರ್ಮಿಕ ನ್ಯಾಯಾಲಯದ ಒಬ್ಬ ವಕೀಲೆ
ಬೆಂಗಳೂರು